ಬೋರ್‌ವೆಲ್ ನೀರಿನ ಆರ್ಸೆನಿಕ್ ತೆಗೆಯಲು ಕಬ್ಬಿಣ ತುಂಬಿದ ರೆಸಿನ್ ಬಳಸುವುದು ಹೇಗೆ

ಮೊದಲು ಲ್ಯಾಬ್‌ನಲ್ಲಿ ನೀರು ಪರೀಕ್ಷೆ ಮಾಡಿಸಿ. ಆರ್ಸೆನಿಕ್ ಎಂಬ ಈ ವಿಷಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಕುದಿಸಿದರೂ ಹೋಗುವುದಿಲ್ಲ. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದು ಬಂಗಾಳದವರ ಕಷ್ಟ, ನಮಗೇನು ಅಂತ ಸುಮ್ನೆ ಕೂರಬೇಡಿ, ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ನೀರಲ್ಲೂ ಇದು ಸಿಕ್ಕಿದೆ. ಪರೀಕ್ಷೆಗೆ ಕೊಡುವಾಗ ಕಬ್ಬಿಣ, ಫಾಸ್ಫೇಟ್, ಸಿಲಿಕಾ, ಪಿಎಚ್ (ಹುಳಿ-ಕ್ಷಾರದ ಅಳತೆ) ಕೂಡ ನೋಡಲು ಹೇಳಿ. ಫಾಸ್ಫೇಟ್, ಸಿಲಿಕಾ ಎರಡೂ ರೆಸಿನ್‌ನಲ್ಲಿ ಆರ್ಸೆನಿಕ್ ಕೂರಬೇಕಾದ ಜಾಗವನ್ನೇ ಹಿಡಿಯುತ್ತವೆ.

ಈಗ ರೆಸಿನ್ ವಿಷಯ. ಆರ್ಸೆನಿಕ್ ಹಿಡಿಯುವುದು ಕಬ್ಬಿಣದ ಆಕ್ಸೈಡ್‌ನ ನ್ಯಾನೋ ಕಣಗಳು. ಆದರೆ ಆ ಪುಡಿಯನ್ನು ಹಾಗೇ ಕೊಳವೆಗೆ ತುಂಬಿದರೆ ಒತ್ತಾಗಿ ಕೂತು ನೀರೇ ಇಳಿಯುವುದಿಲ್ಲ. ಅದಕ್ಕೇ ಅರ್ಧ ಮಿಲಿಮೀಟರ್ ಆಸುಪಾಸಿನ, ಒಳಗೆಲ್ಲ ಸಣ್ಣ ರಂಧ್ರಗಳಿರುವ ಪಾಲಿಮರ್ ಮಣಿಗಳ (ಇವೇ ರೆಸಿನ್) ಒಳಗೆ ಅವನ್ನು ಕೂರಿಸುತ್ತಾರೆ. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಅರೂಪ್ ಸೇನ್‌ಗುಪ್ತಾ ತಂಡ ಆರಿಸಿಕೊಂಡದ್ದು ಆನಯಾನ್ ರೆಸಿನ್. ಅದರ ಮೈಯಲ್ಲಿ ಧನ ಆವೇಶ ಇರುತ್ತದೆ, ನೀರಿನಲ್ಲಿರುವ ಆರ್ಸೆನಿಕ್‌ನ ಒಂದು ರೂಪವಾದ ಆರ್ಸೆನೇಟ್‌ಗೆ ಋಣ ಆವೇಶ, ಹಾಗಾಗಿ ಮಣಿಯೇ ಅದನ್ನು ಒಳಗೆಳೆದು ಕಬ್ಬಿಣದ ಹತ್ತಿರ ತಂದುಬಿಡುತ್ತದೆ. ಜಾಣತನ ಇರುವುದು ಅಲ್ಲೇ. ಮನೆಯಲ್ಲಿ ತಯಾರಿಸಲು ಹೋಗಬೇಡಿ, ಸಿದ್ಧ ರೆಸಿನ್ ಕೊಳ್ಳಿ.

ರೆಸಿನ್ ತುಂಬುವ ಕೊಳವೆಯ (ಕಾಲಂ) ಅಳತೆ ಸುಲಭ. ನೀರು ರೆಸಿನ್ ಹಾಸಿನಲ್ಲಿ 3ರಿಂದ 5 ನಿಮಿಷ ಇರುವಂತೆ ನೋಡಿಕೊಳ್ಳಿ. ನಿಮಿಷಕ್ಕೆ 10 ಲೀಟರ್ ಬೇಕಾದರೆ 30ರಿಂದ 50 ಲೀಟರ್ ರೆಸಿನ್ ಬೇಕು. ಕುಡಿಯಲು, ಅಡುಗೆಗೆ ಮಾತ್ರ ಈ ನೀರು ಬಳಸಿ, ಬಟ್ಟೆ ಒಗೆಯಲು ಯಾಕೆ ಹಾಳು ಮಾಡ್ತೀರಿ?

ಇನ್ನೊಂದು ವಿಷಯ ತುಂಬಾ ಜನ ಬಿಟ್ಟುಬಿಡುತ್ತಾರೆ. ನೆಲದಾಳದ ನೀರಿನಲ್ಲಿ ಆರ್ಸೆನಿಕ್ ಬಹಳ ಸಲ ಆವೇಶವೇ ಇಲ್ಲದ ಆರ್ಸೆನೈಟ್ ರೂಪದಲ್ಲಿರುತ್ತದೆ. ರೆಸಿನ್‌ನ ಎಳೆತ ಅದಕ್ಕೆ ತಾಗುವುದಿಲ್ಲ. ಕಬ್ಬಿಣ ಅದನ್ನೂ ಒಂದಿಷ್ಟು ಹಿಡಿಯುತ್ತದೆ, ನಿಜ, ಆದರೂ ಮೊದಲೇ ಸ್ವಲ್ಪ ಕ್ಲೋರಿನ್ ಬೆರೆಸಿ ಅದನ್ನು ಆರ್ಸೆನೇಟ್ ಮಾಡಿಕೊಳ್ಳುವುದು ಒಳ್ಳೆಯದು. ಅಳತೆ ಮೀರಬೇಡಿ, ಕ್ಲೋರಿನ್ ಜಾಸ್ತಿ ಆದರೆ ರೆಸಿನ್ ಹಾಳಾಗುತ್ತದೆ. ನೀರಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ಮೊದಲು ಗಾಳಿಯಾಡಿಸಿ, ಮರಳಲ್ಲಿ ಸೋಸಿ, ಆಮೇಲೆ ರೆಸಿನ್‌ಗೆ ಬಿಡಿ. ಆ ಮರಳನ್ನು ಆಗಾಗ ಉಲ್ಟಾ ನೀರು ಹಾಯಿಸಿ ತೊಳೆಯಬೇಕು.

ಹೊರಬರುವ ನೀರನ್ನು ತಪ್ಪದೆ ಪರೀಕ್ಷಿಸುತ್ತಿರಿ. ರೆಸಿನ್ ಆರ್ಸೆನಿಕ್‌ನಿಂದ ತುಂಬಿಹೋದಾಗ ಹರಿವು ನಿಲ್ಲುವುದಿಲ್ಲ, ನೀರು ಮೊದಲಿನಷ್ಟೇ ತಿಳಿಯಾಗಿರುತ್ತದೆ, ವಿಷ ಮಾತ್ರ ದಾಟಿಬರುತ್ತದೆ. ಸ್ಥಳದಲ್ಲೇ ಪರೀಕ್ಷಿಸುವ ಫೀಲ್ಡ್ ಕಿಟ್ ಬಳಸುವುದಾದರೆ ಕಿಟಕಿ ತೆರೆದಿಡಿ, ಅದರಲ್ಲಿ ಹುಟ್ಟುವ ಆರ್ಸೀನ್ ಅನಿಲವೂ ವಿಷವೇ. ಕಿಟ್‌ನ ಪರೀಕ್ಷಾ ಕಾಗದ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿದಷ್ಟೂ ಆರ್ಸೆನಿಕ್ ಜಾಸ್ತಿ ಅಂತ ಅರ್ಥ.

ತುಂಬಿದ ರೆಸಿನ್ ಎಸೆಯಬೇಕಿಲ್ಲ. ಶೇ. 2 ಕಾಸ್ಟಿಕ್ ಸೋಡಾ, ಶೇ. 2 ಉಪ್ಪು ಸೇರಿದ ದ್ರಾವಣ ಹಾಯಿಸಿದರೆ ಆರ್ಸೆನಿಕ್ ಬಿಟ್ಟುಕೊಡುತ್ತದೆ. ಇದನ್ನು ಮನೆಯಲ್ಲಿ ಮಾಡಬೇಡಿ, ಹಲವು ಊರುಗಳಿಗೆ ಒಂದು ಕೇಂದ್ರ ಇದ್ದು, ಕೈಗವಸು ಕನ್ನಡಕ ಹಾಕಿಕೊಂಡ ತರಬೇತಿ ಇರುವವರೇ ಮಾಡಬೇಕು. ಹೊರಬಂದ ದ್ರಾವಣದಲ್ಲಿ ಈಗ ಆರ್ಸೆನಿಕ್ ಬಹಳ ಹೆಚ್ಚಿನ ಪ್ರಮಾಣದಲ್ಲಿದೆ, ಚರಂಡಿಗೆ ಬಿಡುವ ಮಾತೇ ಇಲ್ಲ. ಫೆರಿಕ್ ಕ್ಲೋರೈಡ್ (ಕಬ್ಬಿಣದ ಲವಣ) ಹಾಕಿ, ಪಿಎಚ್ ತಟಸ್ಥಕ್ಕೆ ತಂದು, ಆರ್ಸೆನಿಕ್ ಅನ್ನು ಕಬ್ಬಿಣದ ಜೊತೆ ಕೆಸರಾಗಿ ಇಳಿಸಬೇಕು. ಆ ಕೆಸರನ್ನು ಗಾಳಿಯಾಡುವ ಮರಳ ಹಾಸಿನ ಮೇಲೆ, ಮಳೆನೀರು ತಾಗದಂತೆ ಇಡಿ. ಕಸದ ಗುಂಡಿಯಲ್ಲಿ ಹೂತರೆ ಗಾಳಿ ಸಿಗದೆ ಕಬ್ಬಿಣ ಕರಗುತ್ತದೆ, ಹಿಡಿದಿಟ್ಟ ಆರ್ಸೆನಿಕ್ ಮತ್ತೆ ನೆಲದ ನೀರಿಗೆ ಇಳಿಯುತ್ತದೆ.