ಮೊದಲು ಉದ್ದದ ಲೆನ್ಸ್, ಆಮೇಲೆ ಕ್ಯಾಮೆರಾ: ನಾನು ಆರಿಸಿಕೊಂಡ ಬಗೆ

ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮಾತನ್ನೇ ಎತ್ತುವುದಿಲ್ಲ. ನಿಮಗೆ ಬೇಕಾಗುವ ಲೆನ್ಸ್‌ಗಳಲ್ಲಿ ಸುಲಭಕ್ಕೆ ಸಿಗದ ಲೆನ್ಸ್ ಯಾವುದು ಅಂತ ಕೇಳುತ್ತೇನೆ. ಸಾಮಾನ್ಯ ಝೂಮ್, ಒಂದು 50 ಎಂಎಂ (ಈ ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಅದನ್ನೇ ಉದ್ದದ ಲೆನ್ಸ್ ಅನ್ನೋದು), ಸಣ್ಣ ವಸ್ತುಗಳನ್ನು ದೊಡ್ಡದಾಗಿ ತೆಗೆಯುವ ಒಂದು ಮ್ಯಾಕ್ರೋ, ಇವು ಕ್ಯಾನನ್, ನಿಕಾನ್, ಸೋನಿ, ಫ್ಯೂಜಿ, ಒಲಿಂಪಸ್ (ಈಗ ಓಎಂ ಸಿಸ್ಟಮ್) ಎಲ್ಲದರಲ್ಲೂ ಇವೆ, ಚೆನ್ನಾಗಿಯೂ ಇವೆ. ಅವನ್ನು ಹೋಲಿಸುತ್ತಾ ಕೂತರೆ ತಿಂಗಳು ಕಳೆದರೂ ಒಂದು ತೀರ್ಮಾನಕ್ಕೆ ಬರೋದು ಕಷ್ಟ. ನಿಜವಾದ ವ್ಯತ್ಯಾಸ ಕಾಣೋದು ತೀರಾ ಕಷ್ಟದ ಕೆಲಸ ಮಾಡುವ ಲೆನ್ಸ್‌ನಲ್ಲಿ. ನನಗೆ ಆ ಕಷ್ಟದ ಕೆಲಸ ಹಕ್ಕಿ. ಅದೂ ನಡೆದುಕೊಂಡು ಹೋಗಿ, ಟ್ರೈಪಾಡ್ ಇಲ್ಲದೆ, ಕೈಯಲ್ಲೇ ಹಿಡಿದು ತೆಗೆಯುವ ಹಕ್ಕಿ. ಆ ಒಂದು ಲೆನ್ಸ್ ನಿಕ್ಕಿಯಾದ ಮೇಲೆ ಉಳಿದದ್ದೆಲ್ಲ ಬೇಗ ಬೇಗ ಮುಗಿಯಿತು.

ಹಕ್ಕಿಯೇ ಮುಖ್ಯ ಅಂತ ಗೊತ್ತಾಗಿದ್ದು ನನ್ನ ಹಳೆಯ ಫೋಟೋಗಳಿಂದ. ಪ್ರತಿ ಫೋಟೋ ಫೈಲ್‌ನೊಳಗೆ ಎಕ್ಸಿಫ್ ಅಂತ ಮಾಹಿತಿ ಇರುತ್ತದೆ ಅಲ್ವಾ, ಎಷ್ಟು ಎಂಎಂ, ಯಾವ ಅಪರ್ಚರ್ (ಬೆಳಕು ಒಳಬರುವ ಕಿಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಎಷ್ಟು ಐಎಸ್ಒ (ಬೆಳಕು ಕಡಿಮೆಯಾದಾಗ ಏರಿಸುವ ಅಂಕಿ, ಏರಿದಷ್ಟೂ ಫೋಟೋ ಕಾಳುಕಾಳಾಗುತ್ತದೆ) ಅಂತೆಲ್ಲ. ಲೈಟ್‌ರೂಮ್‌ನಲ್ಲಿ ಮೆಟಾಡೇಟಾ ಫಿಲ್ಟರ್ ತೆರೆದರೆ ಅದನ್ನೆಲ್ಲ ವಿಂಗಡಿಸಿ ತೋರಿಸುತ್ತದೆ. ಲೈಟ್‌ರೂಮ್ ಇಲ್ಲದವರು ಡಿಜಿಕ್ಯಾಮ್ ಬಳಸಬಹುದು, ಅದು ಉಚಿತ. ನಾನು ಎಲ್ಲ ಫೋಟೋ ಲೆಕ್ಕಕ್ಕೆ ತಗೊಳ್ಳಲಿಲ್ಲ. ನನಗೇ ಇಷ್ಟವಾಗಿ ಸ್ಟಾರ್ ಕೊಟ್ಟು ಇಟ್ಟುಕೊಂಡವು ಮಾತ್ರ. ಆಗ ನನ್ನ ಹತ್ತಿರ ಇದ್ದದ್ದು ಒಂದು ಹಳೆಯ ಕ್ರಾಪ್ ಸೆನ್ಸರ್ ಬಾಡಿ (ಅಂದರೆ ಹಳೆಯ ಫಿಲಂ ಅಳತೆಯ ಫುಲ್ ಫ್ರೇಮ್ ಸೆನ್ಸರ್‌ಗಿಂತ ಚಿಕ್ಕ ಸೆನ್ಸರ್ ಇರುವುದು), ಜೊತೆಗೆ ಬಂದ 18-55, ಮತ್ತೊಂದು 70-300.

ಪಟ್ಟಿ ನೋಡಿದರೆ ಎರಡು ಕಡೆ ರಾಶಿ. ಒಂದು 18ರಿಂದ 35ರ ಒಳಗೆ: ಮನೆಯವರು, ಮಕ್ಕಳು, ಬೆಟ್ಟ ಹತ್ತಿದಾಗ ತೆಗೆದ ನೋಟಗಳು. ಇನ್ನೊಂದು ಸರಿಯಾಗಿ 300ರಲ್ಲಿ. ಝೂಮ್‌ನ ಕೊನೆಯಲ್ಲೇ ರಾಶಿ ಬಿದ್ದಿದೆ ಅಂದರೆ ಇನ್ನೂ ಉದ್ದ ಬೇಕಿತ್ತು ಅಂತ ಅರ್ಥ. 70ರಿಂದ 200ರ ನಡುವೆ ಹೆಚ್ಚುಕಮ್ಮಿ ಖಾಲಿ. ಹಾಗಾಗಿ ಎಲ್ಲರೂ ತಗೋ ತಗೋ ಅನ್ನುವ 70-200 ಎಫ್/2.8 ನನ್ನ ಪಟ್ಟಿಯಿಂದ ಅವತ್ತೇ ಹೋಯಿತು. ಅದು ಒಳ್ಳೆಯ ಲೆನ್ಸ್, ಮದುವೆ, ಸಭೆ, ಆಟೋಟ ತೆಗೆಯುವವರಿಗೆ ಅದೇ ಮೊದಲು ಬೇಕಾಗಬಹುದು. ನನ್ನ ಫೋಟೋಗಳು ಅದನ್ನು ಕೇಳುತ್ತಿರಲಿಲ್ಲ.

ಐಎಸ್ಒ ಕೂಡ ನೋಡಿದೆ. ಮನೆಯೊಳಗಿನ ಫೋಟೋಗಳೆಲ್ಲ ಎಫ್/5.6ರ ಆಸುಪಾಸು, ಐಎಸ್ಒ 6400, ಆದರೂ ಶಟರ್ ನಿಧಾನ. ಅಲ್ಲಿಗೆ ಒಂದು ಎಫ್/1.8 ಪ್ರೈಮ್ (ಝೂಮ್ ಆಗದ ಲೆನ್ಸ್) ಬೇಕು ಅನ್ನೋದು ಬೇರೆ ಯಾರೂ ಹೇಳಬೇಕಿರಲಿಲ್ಲ. ಎಫ್/5.6ರಿಂದ ಎಫ್/1.8ಕ್ಕೆ ಬಂದರೆ ಬೆಳಕು ಸುಮಾರು ಹತ್ತು ಪಟ್ಟು ಜಾಸ್ತಿ. ಯಾವ ಹೊಸ ಬಾಡಿ ಕೊಂಡರೂ ಅಷ್ಟು ದೊಡ್ಡ ಜಿಗಿತ ಸಿಗುವುದಿಲ್ಲ.

ಇನ್ನು ಉದ್ದದ ಲೆನ್ಸ್. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಜಾಹೀರಾತುಗಳಲ್ಲಿ ಬರುವ ಅಂಕಿಗಳು ಇಲ್ಲೇ ಜಾಸ್ತಿ ಗೊಂದಲ ಮಾಡುತ್ತವೆ. ಕ್ರಾಪ್ ಸೆನ್ಸರ್‌ನಲ್ಲಿ 300 ಎಂಎಂ ಲೆನ್ಸ್ 450ರಂತೆ ಕಾಣುತ್ತದೆ, ಇನ್ನೂ ಚಿಕ್ಕ ಸೆನ್ಸರ್ ಆದ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 600ರಂತೆ ಕಾಣುತ್ತದೆ, ಅದು ಸರಿ. ಆದರೆ ಹಕ್ಕಿಯಿಂದ ಎಷ್ಟು ಬೆಳಕು ಒಳಗೆ ಬಂತು ಅನ್ನೋದು ಲೆನ್ಸ್‌ನ ಬಾಯಿಯ ಅಗಲದ ಮೇಲೆ ನಿಂತಿದೆ. ಅದನ್ನು ಲೆಕ್ಕ ಹಾಕೋದು ಸುಲಭ. ಎಂಎಂ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿ. 300 ಎಫ್/4 ಅಂದರೆ 75 ಎಂಎಂ. 600 ಎಫ್/6.3 ಅಂದರೆ 95. 400 ಎಫ್/8 ಅಂದರೆ 50. 600 ಎಫ್/4 ಅಂದರೆ 150, ಅದನ್ನು ಹೊತ್ತು ನಡೆಯೋದು ಬೇರೆಯದೇ ಮಾತು. ಒಂದೇ ಜಾಗದಲ್ಲಿ ನಿಂತು, ಒಂದೇ ಹಕ್ಕಿ, ಒಂದೇ ಶಟರ್ ಸ್ಪೀಡ್ ಇಟ್ಟರೆ, ಬಾಯಿ ಅಗಲ ಇದ್ದ ಲೆನ್ಸ್ ಆ ಹಕ್ಕಿಯಿಂದ ಜಾಸ್ತಿ ಬೆಳಕು ತರುತ್ತದೆ, ಹಿಂದೆ ಸೆನ್ಸರ್ ಯಾವ ಅಳತೆಯದೇ ಇರಲಿ. ಅಗಲ ಹೆಚ್ಚಿದಂತೆ ಗಾಜಿನ ತೂಕವೂ ಏರುತ್ತದೆ.

ಹಾಗಾಗಿ ನಾನು ಕೇಳಿಕೊಂಡ ಪ್ರಶ್ನೆ ಹೀಗಿತ್ತು: ಎಷ್ಟು ಅಗಲದ ಗಾಜನ್ನು ನಾನು ದಿನವಿಡೀ ಹೊರಬಲ್ಲೆ? ಇದಕ್ಕೆ ಉತ್ತರ ಓದಿ ತಿಳಿಯುವಂಥದ್ದಲ್ಲ. ಸಿಗ್ಮಾದ 150-600 ಕಂಟೆಂಪರರಿ ಬಾಡಿಗೆಗೆ ತಂದೆ. ತೂಕ 1930 ಗ್ರಾಂ, ಮುಂದಿನ ಫಿಲ್ಟರ್ ಅಳತೆ 95 ಎಂಎಂ. ಬೆಳಗ್ಗೆ ಚೆನ್ನಾಗಿಯೇ ಇತ್ತು, ಫೋಟೋಗಳೂ ಚೆನ್ನಾಗಿ ಬಂದವು. ಹೊತ್ತು ಏರಿದ ಮೇಲೆ, ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಒಂದು ಮಿಂಚುಳ್ಳಿ ಬಂದು ಕೂತಿತು. ನೀರಿಗೆ ಬೀಳುವ ಮುಂಚೆ ಅದು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ, ಅದನ್ನು ನೋಡಿ ಶಟರ್ ಒತ್ತಬೇಕು. ಅಲ್ಲಿಯವರೆಗೂ ಲೆನ್ಸ್ ಕಣ್ಣಿನ ಎತ್ತರದಲ್ಲೇ ಇರಬೇಕು. ಎಡಗೈ ಮೊದಲು ಬಿಸಿಯಾಯಿತು, ಆಮೇಲೆ ನಡುಗಿತು, ವ್ಯೂಫೈಂಡರ್‌ನಲ್ಲಿ ಹಕ್ಕಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿ ಬರತೊಡಗಿತು. ಒಂದು ಕ್ಷಣ ಕೈ ಇಳಿಸಿದೆ. ಅಷ್ಟರಲ್ಲಿ ಅದು ಧುಮುಕಿ, ಮೀನು ಹಿಡಿದು, ಅದೇ ಕೊಂಬೆಗೆ ವಾಪಸ್ ಬಂದಾಗಿತ್ತು. ಲೆನ್ಸ್‌ನದ್ದು ಏನೂ ಕೊರತೆ ಇಲ್ಲ, ಮೊನೊಪಾಡ್ ಇಟ್ಟುಕೊಂಡು ಒಂದೇ ಕಡೆ ಕೂರುವವರಿಗೆ ಅದು ತುಂಬಾ ಒಳ್ಳೆಯದು. ನಾನು ಕೂರುವವನಲ್ಲ. ನನ್ನ ಮಿತಿ ಒಂದು ಕೆ.ಜಿ. ಒಳಗೆ ಅಂತ ಅವತ್ತು ಸ್ಪಷ್ಟವಾಯಿತು.

ಒಂದು ಕೆ.ಜಿ. ಒಳಗೆ ಎಷ್ಟು ಅಗಲದ ಬಾಯಿ ಸಿಗುತ್ತದೆ ಅಂತ ಹುಡುಕಿದೆ. ಕ್ಯಾನನ್ ಆರ್‌ಎಫ್ 100-400 ಬರೀ 635 ಗ್ರಾಂ, ಆದರೆ 400ರಲ್ಲಿ ಎಫ್/8, ಅಂದರೆ 50 ಎಂಎಂ. ಸೋನಿಯ 70-350 ಕ್ರಾಪ್ ಲೆನ್ಸ್ 625 ಗ್ರಾಂ, ಉದ್ದದ ಕೊನೆಯಲ್ಲಿ ಎಫ್/6.3, ಸುಮಾರು 56 ಎಂಎಂ. ಒಲಿಂಪಸ್‌ನ 300 ಎಫ್/4 ಅಗಲದಲ್ಲಿ 75 ಎಂಎಂ, ಆದರೆ ಟ್ರೈಪಾಡ್ ಮೇಲೆ ಕೂರಿಸುವ ಕಾಲರ್ ಇಲ್ಲದೆಯೂ 1270 ಗ್ರಾಂ. ನಿಕಾನ್‌ನ 300 ಎಫ್/4 ಪಿಎಫ್ ಕೂಡ 75 ಎಂಎಂ. ತೂಕ 755 ಗ್ರಾಂ!

ಇಷ್ಟು ಹಗುರ ಹೇಗೆ ಆಯಿತು ಅಂದರೆ, ಅದರಲ್ಲಿ ಫೇಸ್ ಫ್ರೆನೆಲ್ (ಅದೇ ಪಿಎಫ್) ಅನ್ನುವ ಗಾಜು ಇದೆ. ಬಳೆಗಳಂತೆ ಒಂದರೊಳಗೊಂದು ಕೆತ್ತಿದ ತೆಳ್ಳನೆಯ ಮೇಲ್ಮೈ. ಬಣ್ಣಗಳು ಚೆದುರದಂತೆ ನೋಡಿಕೊಳ್ಳಲು ಹಲವು ಗಾಜುಗಳು ಮಾಡುವ ಕೆಲಸವನ್ನು ಅದೇ ಮಾಡುತ್ತದೆ, ಲೆನ್ಸ್ ಗಿಡ್ಡವಾಗುತ್ತದೆ. ಇದಕ್ಕೂ ಮುಂಚಿನ ನಿಕಾನ್ 300 ಎಫ್/4 1440 ಗ್ರಾಂ ಇತ್ತು, 2015ರಲ್ಲಿ ಪಿಎಫ್ ಬಂದಾಗ ತೂಕ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಒಂದು ಕೊರತೆ ಇದೆ: ಫ್ರೇಮ್‌ನೊಳಗೆ ಅಥವಾ ಅಂಚಿನಲ್ಲಿ ಜೋರಾದ ಬೆಳಕು ಇದ್ದರೆ ಅದರ ಸುತ್ತ ಬಣ್ಣದ ಉಂಗುರ ಕಾಣಬಹುದು. ಸೂರ್ಯನಿಗೆ ಎದುರಾಗಿ ಹಕ್ಕಿ ತೆಗೆಯುವುದೇ ನಿಮ್ಮ ಶೈಲಿಯಾದರೆ ಯೋಚಿಸಿ.

ಇದರ ಇನ್ನೊಂದು ಗುಣ ನನಗೆ ಲಾಭವಾಯಿತು. 1.4 ಮೀಟರ್ ದೂರದವರೆಗೂ ಫೋಕಸ್ ಆಗುತ್ತದೆ, ಆಗ ವಸ್ತು ಸೆನ್ಸರ್ ಮೇಲೆ ತನ್ನ ಅಳತೆಯ ಕಾಲು ಭಾಗದಷ್ಟು ಬೀಳುತ್ತದೆ. ಕ್ರಾಪ್ ಸೆನ್ಸರ್‌ನ ಅಗಲ 23.5 ಎಂಎಂ, ಹಾಗಾದರೆ ಸುಮಾರು 10 ಸೆಂ.ಮೀ. ಅಗಲದ ಜಾಗ ಇಡೀ ಫ್ರೇಮ್ ತುಂಬುತ್ತದೆ. ಕೊಡತಿ ಹುಳ, ಚಿಟ್ಟೆ, ಏರೋಪ್ಲೇನ್ ಚಿಟ್ಟೆ ಎಲ್ಲಕ್ಕೂ ಇದು ಸಾಕು. ಏರೋಪ್ಲೇನ್ ಚಿಟ್ಟೆಯ ಹತ್ತಿರ 100 ಎಂಎಂ ಮ್ಯಾಕ್ರೋ ಹಿಡಿದು ಒಂದು ಗೇಣು ದೂರಕ್ಕೆ ಹೋಗುವುದರೊಳಗೆ ಅದು ಹಾರಿರುತ್ತದೆ. ಇಲ್ಲಿ ಒಂದೂವರೆ ಮೀಟರ್ ದೂರದಲ್ಲೇ ನಿಂತು ಅದರ ರೆಕ್ಕೆಯ ಜಾಲರಿ ಎಣಿಸಬಹುದು. ಇರುವೆಯ ಮುಖ ತೆಗೆಯಬೇಕಾದರೆ ಮ್ಯಾಕ್ರೋ ಬೇಕೇ ಬೇಕು. ನನಗೆ ಆ ಹುಚ್ಚು ಇನ್ನೂ ಹತ್ತಿಲ್ಲ.

ಲೆನ್ಸ್ ನಿಕ್ಕಿಯಾಯಿತು, ಹಾಗಾಗಿ ಮೌಂಟ್ (ಬಾಡಿಯಲ್ಲಿ ಲೆನ್ಸ್ ಕೂರುವ ಜೋಡಣೆ) ಕೂಡ ನಿಕ್ಕಿಯಾಯಿತು: ನಿಕಾನ್ ಎಫ್. 1959ರಿಂದ ಇರುವ ಮೌಂಟ್. ನಿಕಾನ್ 2018ರಲ್ಲಿ ಝಡ್ ಮೌಂಟ್ ತಂದ ಮೇಲೆ ಬಹಳ ಜನ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಹೋಗುತ್ತಿದ್ದಾರೆ, ಅದರಿಂದ ಎಫ್ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಸಿಗುತ್ತವೆ. ನನ್ನಂಥ ಹವ್ಯಾಸಿಗೆ ಅದು ಒಳ್ಳೆಯ ಅವಕಾಶ.

ಬಾಡಿ ನಿಕಾನ್ ಡಿ7500. ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಫುಲ್ ಫ್ರೇಮ್ ಯಾಕೆ ಬೇಡ ಅಂದೆ ಅನ್ನೋದು ಮಾತ್ರ ಹೇಳುತ್ತೇನೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್‌ನಲ್ಲಿ ಈ ಲೆನ್ಸ್‌ನಿಂದ ಹಕ್ಕಿ 1000 ಪಿಕ್ಸೆಲ್ ಉದ್ದ ಬಂದರೆ, ಡಿ7500ರ 20.9 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್‌ನಲ್ಲಿ ಅದೇ ಹಕ್ಕಿ 1400 ಪಿಕ್ಸೆಲ್‌ನಷ್ಟು ಬರುತ್ತದೆ, ಪಿಕ್ಸೆಲ್‌ಗಳು ಅಷ್ಟು ಒತ್ತೊತ್ತಾಗಿವೆ. 45 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ತಗೊಂಡರೆ ಈ ವ್ಯತ್ಯಾಸ ಹೆಚ್ಚುಕಮ್ಮಿ ಇರುವುದಿಲ್ಲ, ಆದರೆ ಅದು ಬೇರೆ ಬಜೆಟ್ಟಿನ ಮಾತು. ಪ್ರಿಂಟ್‌ಗೆ ಸಾಲುತ್ತಾ ಅಂತ ಕೆಲವರು ಕೇಳುತ್ತಾರೆ. ಎ3 ಅಳತೆಗೆ, ಇಂಚಿಗೆ 300 ಚುಕ್ಕಿಯಂತೆ, 4961 ಬೈ 3508 ಪಿಕ್ಸೆಲ್ ಸಾಕು. ಇದು 5568 ಬೈ 3712 ಕೊಡುತ್ತದೆ. ಬ್ಯಾಟರಿ ಸೇರಿ ಬಾಡಿ 720 ಗ್ರಾಂ, ಲೆನ್ಸ್ ಸೇರಿಸಿದರೂ ಒಟ್ಟು ಒಂದೂವರೆ ಕೆ.ಜಿ. ಒಳಗೆ. ಅಂದರೆ ಬಾಡಿಗೆಗೆ ತಂದ ಲೆನ್ಸ್ ಒಂದಕ್ಕಿಂತಲೂ ಇವೆರಡೂ ಸೇರಿ ಹಗುರ.

300 ಸಾಲದಿದ್ದಾಗ 1.4 ಟೆಲಿಕನ್ವರ್ಟರ್ (ಲೆನ್ಸ್ ಮತ್ತು ಬಾಡಿಯ ನಡುವೆ ಕೂರಿಸಿ ಉದ್ದ ಹೆಚ್ಚಿಸುವ ಗಾಜು) ಹಾಕುತ್ತೇನೆ. 420 ಎಂಎಂ ಎಫ್/5.6 ಆಗುತ್ತದೆ. ಸಂಜೆಯಾದ ಮೇಲೆ ಅದನ್ನು ಕಳಚಿಬಿಡುತ್ತೇನೆ. ಎಫ್/4ರಲ್ಲಿ ಐಎಸ್ಒ 1600 ಸಾಕಾಗುವ ಬೆಳಕಿನಲ್ಲಿ, ಎಫ್/6.3ರ ಝೂಮ್ ಇದ್ದಿದ್ದರೆ ಐಎಸ್ಒ 4000 ಬೇಕಾಗುತ್ತಿತ್ತು. ಕಾಡಿನ ನೆರಳಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ.

ಉಳಿದ ಲೆನ್ಸ್‌ಗಳು ಎಕ್ಸಿಫ್ ಹೇಳಿದಂತೆಯೇ. ಮನೆಯೊಳಗಿನ ಫೋಟೋಗಳಿಗೆ 35 ಎಂಎಂ ಎಫ್/1.8 ಡಿಎಕ್ಸ್ (ಕ್ರಾಪ್ ಸೆನ್ಸರ್‌ಗೆ ನಿಕಾನ್ ಇಟ್ಟ ಹೆಸರು), 200 ಗ್ರಾಂ, ಬೇರೆ ಯೋಚನೆಯೇ ಬೇಡ. ನಡೆದಾಡುವಾಗ 16-80. ನಡುವೆ 80ರಿಂದ 300ರವರೆಗೆ ನನ್ನ ಹತ್ತಿರ ಏನೂ ಇಲ್ಲ, ಬೇಕು ಅಂತಲೂ ಅನ್ನಿಸಿಲ್ಲ. ಅಗಲ ನೋಟ ಇಷ್ಟಪಡುವವರು ಇದನ್ನು ಗಮನಿಸಿ: ಎಫ್ ಮೌಂಟ್‌ನಲ್ಲಿ ಕ್ರಾಪ್ ಸೆನ್ಸರ್‌ಗೆಂದೇ ನಿಕಾನ್ ಮಾಡಿದ ಸಣ್ಣ, ಅಗಲ ನೋಟದ ಪ್ರೈಮ್, ನೋಟವನ್ನೇ ಬಾಗಿಸುವ ಫಿಶ್‌ಐ ಒಂದು ಬಿಟ್ಟರೆ, ಇಲ್ಲ. ನಿಮ್ಮ ಎಕ್ಸಿಫ್ ರಾಶಿ 16 ಎಂಎಂನಲ್ಲಿ ಬಿದ್ದಿದ್ದರೆ ಫ್ಯೂಜಿ ನೋಡಿ, ಅವರು 2012ರಿಂದ ಎಕ್ಸ್ ಮೌಂಟ್‌ಗೆ ಪ್ರೈಮ್‌ಗಳನ್ನು ಮಾಡುತ್ತಲೇ ಬಂದಿದ್ದಾರೆ.

ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡುವಾಗ ನಾನು ಮಾಡಿದ್ದು. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದೆ, ಫಂಗಸ್ ಇದ್ದರೆ ಬೇರಿನಂತೆ ಕವಲೊಡೆದು ಕಾಣುತ್ತದೆ. ನಾಲ್ಕು ಧೂಳಿನ ಕಣ ಇದ್ದರೆ ಏನೂ ಆಗಲ್ಲ. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನ ಗೀರು ಜಾಸ್ತಿ ತೊಂದರೆ. ಈ ಲೆನ್ಸ್‌ನ ಅಪರ್ಚರ್ ವಿದ್ಯುತ್ತಿನಿಂದ ನಡೆಯುತ್ತದೆ, ಹಳೆಯ ಲೆನ್ಸ್‌ಗಳಂತೆ ಹಿಂದಿನ ಲಿವರ್ ತಳ್ಳಿ ನೋಡಲು ಆಗಲ್ಲ. ಕೆಲವು ಹಳೆಯ ಬಾಡಿಗಳಲ್ಲಿ ಅದು ಕೆಲಸವೂ ಮಾಡುವುದಿಲ್ಲ, ನಿಮ್ಮ ಕ್ಯಾಮೆರಾಗೆ ಆಗುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ. ನಾನು ಲೆನ್ಸನ್ನು ಕ್ಯಾಮೆರಾಗೆ ಹಾಕಿ, ಅಪರ್ಚರ್ ಮೋಡ್‌ನಲ್ಲಿ ಒಂದೇ ಗೋಡೆಯನ್ನು ಎಫ್/4, ಎಫ್/8, ಎಫ್/16ರಲ್ಲಿ ತೆಗೆದೆ. ಮೂರೂ ಫೋಟೋ ಒಂದೇ ಹೊಳಪಿನಲ್ಲಿ ಬಂದವು, ಅಂದರೆ ಅಪರ್ಚರ್‌ನ ಎಲೆಗಳು ಸರಿಯಾಗಿ ಮುಚ್ಚುತ್ತಿವೆ. ಆಮೇಲೆ ದೂರದ ಕಟ್ಟಡವೊಂದನ್ನು ಎಫ್/4ರಲ್ಲಿ ತೆಗೆದು ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿದೆ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಸರಿದಿದೆ ಅಂತ, ಅಂಥದ್ದು ಬಿದ್ದಿರುವ ಲೆನ್ಸ್ ಆಗಿರಬಹುದು, ಬಿಟ್ಟುಬಿಡಿ. ಕೊನೆಗೆ ವಿಆರ್ (ಕೈ ನಡುಕ ತಡೆಯುವ ವ್ಯವಸ್ಥೆ) ಆನ್ ಮಾಡಿ ಲೆನ್ಸ್‌ಗೆ ಕಿವಿ ಇಟ್ಟು, ವ್ಯೂಫೈಂಡರ್‌ನಲ್ಲಿ ನೋಟ ನಿಲ್ಲುತ್ತಾ ಅಂತ ಗಮನಿಸಿದೆ. ಟ್ರೈಪಾಡ್ ಕಾಲರ್ ಈ ಲೆನ್ಸ್ ಜೊತೆ ಬರುವುದಿಲ್ಲ, ಅದು ಬೇರೆಯೇ ಕೊಳ್ಳಬೇಕು. ಇಷ್ಟು ಹಗುರ ಇರುವುದರಿಂದ ನಾನು ಕೊಂಡಿಲ್ಲ.

ಮುಂದೆ ಮಿರರ್‌ಲೆಸ್‌ಗೆ ಹೋದರೆ ಈ ಲೆನ್ಸ್ ಏನಾಗುತ್ತದೆ ಅನ್ನೋದನ್ನೂ ದುಡ್ಡು ಕೊಡುವ ಮುಂಚೆಯೇ ನೋಡಿಕೊಂಡೆ. 1987ರಲ್ಲಿ ಕ್ಯಾನನ್ ಇಎಫ್ ಮೌಂಟ್ ತಂದಾಗ ಹಳೆಯ ಎಫ್‌ಡಿ ಲೆನ್ಸ್‌ಗಳು ಹೊಸ ಕ್ಯಾಮೆರಾಗೆ ನೇರವಾಗಿ ಕೂರುತ್ತಿರಲಿಲ್ಲ. ಈಗ ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ. ಎಫ್ ಮೌಂಟ್‌ನಲ್ಲಿ ಲೆನ್ಸ್‌ನಿಂದ ಸೆನ್ಸರ್‌ಗೆ 46.5 ಎಂಎಂ ದೂರ, ಝಡ್ ಮೌಂಟ್‌ನಲ್ಲಿ ಬರೀ 16. ನಡುವಿನ ಜಾಗದಲ್ಲಿ ಎಫ್‌ಟಿಝಡ್ ಅಡಾಪ್ಟರ್ ಕೂರುತ್ತದೆ, ಅದರೊಳಗೆ ಗಾಜಿಲ್ಲ, ಚಿತ್ರದ ಗುಣಮಟ್ಟ ಕೆಡುವುದಿಲ್ಲ. ಸ್ನೇಹಿತರೊಬ್ಬರ ಝಡ್ ಕ್ಯಾಮೆರಾಗೆ ಹಾಕಿ ನೋಡಿದೆ, ಫೋಕಸ್, ವಿಆರ್ ಎರಡೂ ಸರಿಯಾಗಿ ನಡೆದವು. ಆದರೆ ಹೀಗೆ ಫೋಕಸ್ ತಾನೇ ಆಗೋದು ಫೋಕಸ್ ಮೋಟಾರ್ ಲೆನ್ಸ್‌ನೊಳಗೇ ಇರುವ ಎಎಫ್-ಎಸ್, ಎಎಫ್-ಪಿಯಂಥ ಲೆನ್ಸ್‌ಗಳಿಗೆ ಮಾತ್ರ. ನಿಮ್ಮ ಹತ್ತಿರ ಹಳೆಯ ಎಎಫ್-ಡಿ ಲೆನ್ಸ್‌ಗಳೇ ಜಾಸ್ತಿ ಇದ್ದರೆ ಅವು ಬಾಡಿಯ ಮೋಟಾರ್ ನಂಬಿಕೊಂಡಿರುತ್ತವೆ. ಎಫ್‌ಟಿಝಡ್‌ನಲ್ಲಿ ಮೋಟಾರ್ ಇಲ್ಲ, ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ.