ಬೀಜವನ್ನು ಫ್ರಿಜ್ಜಿನಲ್ಲಿ ಇಡುವ ಮೊದಲು

‘ಫ್ರಿಜ್ಜಿನಾಗ ಇಟ್ಟಿದ್ದೆ ರೀ, ಆದ್ರೂ ಬೀಜ ಹುಟ್ಟಲಿಲ್ಲ.’ ಧಾರವಾಡದಲ್ಲಿ ಹಿತ್ತಲು, ಟೆರೇಸ್ ಮೇಲೆ ಕಾಯಿಪಲ್ಲೆ ಬೆಳೆಯುವವರ ಬಾಯಲ್ಲಿ ಮಿರಗದ ಮಳೆ ಹೊತ್ತಿಗೆ ಬರುವ ಮಾತು ಇದು. ತಪ್ಪು ಫ್ರಿಜ್ಜಿನದಲ್ಲ. ಚೆನ್ನಾಗಿ ಒಣಗಿದ ಬೀಜಕ್ಕೆ ತಂಪು ಒಳ್ಳೆಯದೇ. ಕೆಡಿಸುವುದು ಪಸೆ.

ಬೀಜ ಒಳಗೊಳಗೇ ನಿಧಾನಕ್ಕೆ ಉಸಿರಾಡುತ್ತಿರುತ್ತದೆ. ತಂಪಾದಷ್ಟೂ, ಒಣಗಿದಷ್ಟೂ ಆ ಉಸಿರು ನಿಧಾನ, ಆಯುಸ್ಸು ಜಾಸ್ತಿ. ಬೀಜ ಶಾಸ್ತ್ರದವರು ಒಂದು ಅಂದಾಜು ಹೇಳುತ್ತಾರೆ: ಉಷ್ಣತೆ 5 ಡಿಗ್ರಿ ಇಳಿದರೆ ಬೀಜದ ಬಾಳಿಕೆ ಎರಡು ಪಟ್ಟು. ಬೀಜದೊಳಗಿನ ತೇವ ಶೇ 1ರಷ್ಟು ಇಳಿದರೂ ಎರಡು ಪಟ್ಟು. ಅಂದರೆ ಫ್ರಿಜ್ ಮಾಡುವ ಕೆಲಸದಲ್ಲಿ ಬಹಳಷ್ಟನ್ನು ಬರೀ ಒಣಗಿಸುವುದರಿಂದಲೇ ಗಳಿಸಬಹುದು. ಅದಕ್ಕೇ ಮೊದಲು ಒಣಗಿಸಿ, ಆಮೇಲೆ ತಂಪು.

1. ಒಣಗಿಸುವುದು

ಜನ ಎಡವುವುದು ಇಲ್ಲೇ. ಟೊಮೆಟೊ, ಸವತಿ ಬೀಜದ ಮೇಲೆ ಲೋಳೆ ಇರುತ್ತದೆ. ಎರಡು ದಿನ ನೀರಲ್ಲಿ ಬಿಟ್ಟು, ಕೈಯಿಂದ ಉಜ್ಜಿ ತೊಳೆಯಿರಿ. ಸ್ಟೀಲ್ ತಾಟಿನ ಮೇಲೆ ತೆಳ್ಳಗೆ ಹರಡಿ. ಪೇಪರ್ ಮೇಲೆ ಹರಡಿದರೆ ಅಂಟಿಕೊಂಡು ಏಳುವುದಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಮಾತ್ರ ಇಡಬೇಡಿ. ಏಪ್ರಿಲ್‌ನಲ್ಲಿ ಟೆರೇಸಿನ ಸ್ಲ್ಯಾಬ್ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಹಸಿ ಬೀಜ ಅಲ್ಲಿ ಒಣಗುವುದಿಲ್ಲ, ಬೇಯುತ್ತದೆ. ಮನೆಯೊಳಗೆ ಗಾಳಿಯಾಡುವ ನೆರಳು ಸಾಕು. ಫ್ಯಾನ್ ಹಾಕಿ, ದಿನಕ್ಕೆ ಒಂದೆರಡು ಸಲ ಕೈಯಾಡಿಸಿ. ಬೇಸಿಗೆಯಲ್ಲಿ ವಾರ, ಹತ್ತು ದಿನಕ್ಕೆ ಕೆಲಸ ಮುಗಿಯುತ್ತದೆ.

ಮಳೆಗಾಲದ ಕಥೆ ಬೇರೆ. ಗದಗ, ಮುಂಡರಗಿ ಕಡೆ ಗಾಳಿ ಒಣ, ಅವರಿಗೆ ಅಷ್ಟು ಚಿಂತೆಯಿಲ್ಲ. ಧಾರವಾಡ, ಕಲಘಟಗಿ ಕಡೆ ಜಿಟಿಜಿಟಿ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬೀಜ ಒಣಗುತ್ತದಾ? ಒಣಗಿದ್ದೂ ಗಾಳಿಯ ಪಸೆಯನ್ನು ವಾಪಸ್ ಎಳೆದುಕೊಳ್ಳುತ್ತದೆ. ಆಗ ಪಸೆ ಹೀರುವ ಸಿಲಿಕಾ ಜೆಲ್ ಹರಳು ಬೇಕು. ಬೀಜ ಎಷ್ಟು ತೂಕವೋ ಅಷ್ಟೇ ಜೆಲ್ ಬಟ್ಟೆಯಲ್ಲಿ ಕಟ್ಟಿ, ಎರಡನ್ನೂ ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಒಂದು ವಾರ ಬಿಡಿ. ನೀಲಿ ಬಣ್ಣದ ಜೆಲ್ ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುತ್ತದೆ. ಕಿತ್ತಳೆ ಬಣ್ಣದ್ದನ್ನೇ ಕೇಳಿ ತನ್ನಿ. ಚಪ್ಪಲಿ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣ ಕೂಡಿಡುವವರಿದ್ದಾರೆ. ಅದು ನಿಮ್ಮ ಕೈಗೆ ಬರುವ ಹೊತ್ತಿಗೇ ಪಸೆ ಕುಡಿದಿರುತ್ತದೆ, ಸುಮ್ನೆ ಎಸೆಯಿರಿ. ಜೆಲ್ ಸಿಗದಿದ್ದರೆ ಅಕ್ಕಿಯನ್ನು ಎಣ್ಣೆ ಇಲ್ಲದೆ ಚೆನ್ನಾಗಿ ಹುರಿದು, ಮುಚ್ಚಿಟ್ಟು ಆರಿಸಿ ಬಳಸಿ. ಹುರಿಯದ ಅಕ್ಕಿಯಿಂದ ಉಪಯೋಗವಿಲ್ಲ.

ಒಣಗಿದೆಯೋ ಇಲ್ಲವೋ ನೋಡುವುದು ಸುಲಭ. ಸವತಿ, ಕುಂಬಳ ಬೀಜವನ್ನು ಬಗ್ಗಿಸಿ. ಬಾಗಿದರೆ ಹಸಿ, ಟಕ್ ಎಂದು ಮುರಿದರೆ ಸರಿ. ಅವರೆ, ಅಲಸಂದಿ ಕಾಳನ್ನು ಸುತ್ತಿಗೆಯಿಂದ ಹೊಡೆದರೆ ಚೂರಾಗಬೇಕು, ಚಪ್ಪಟೆಯಾಗಬಾರದು.

2. ಇಡುವುದು

ಕಾಗದದ ಪೊಟ್ಟಣ, ಮೇಲೆ ಹೆಸರು ಮತ್ತು ತಿಂಗಳು. ಪೊಟ್ಟಣಗಳೆಲ್ಲ ರಬ್ಬರ್ ವಾಷರ್ ಇರುವ ಗಾಜಿನ ಬಾಟಲಿಯೊಳಗೆ. ಫ್ರಿಜ್ಜಿನ ಬಾಗಿಲಲ್ಲಿ ಬೇಡ, ತೆರೆದಾಗಲೆಲ್ಲ ಬಿಸಿ ಬಡಿಯುತ್ತದೆ. ಹಿಂದಿನ ಮೂಲೆಗೆ ತಳ್ಳಿ. ಪ್ಲಾಸ್ಟಿಕ್ ಕವರ್ ನಂಬಬೇಡಿ, ಪಸೆ ನಿಧಾನಕ್ಕೆ ಅದನ್ನೂ ದಾಟುತ್ತದೆ.

ಫ್ರೀಜರ್ ಇನ್ನೂ ತಂಪಲ್ವಾ ಎಂದು ಕೇಳುವವರಿದ್ದಾರೆ. ಬೆಳೆಗಳ ತಳಿಗಳನ್ನು ಕಾಪಿಡುವ ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಬೀಜ ಇಡುತ್ತಾರೆ, ನಿಜ. ಆದರೆ ತೇವವನ್ನು ಅಳೆದು, ಬೇಕಾದಷ್ಟಕ್ಕೆ ಇಳಿಸಿ ಇಡುತ್ತಾರೆ. ಮನೆಯಲ್ಲಿ ಒಣಗಿಸಿದ ಬೀಜದಲ್ಲಿ ಉಳಿದ ನೀರು ಮಂಜುಗಡ್ಡೆಯಾಗಿ ಮೊಳಕೆಯನ್ನೇ ಸೀಳಬಹುದು. ಬ್ಯಾಡಗಿ ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುವವರೂ ಕಾಯಿ ಒಣಗಿಸದೆ ಒಳಗೆ ಬಿಡುವುದಿಲ್ಲ.

ಉಳ್ಳಾಗಡ್ಡಿ ಬೀಜದ ಆಯುಸ್ಸು ಮಾತ್ರ ಕಡಿಮೆ. ಹೊರಗಿಟ್ಟರೆ ಒಂದೇ ವರ್ಷಕ್ಕೆ ಕೈಕೊಡುತ್ತದೆ. ನನ್ನ ಮಾತು ಕೇಳಿದರೆ ಪ್ರತಿ ವರ್ಷ ಹೊಸದೇ ತನ್ನಿ.

3. ಹೊರತೆಗೆಯುವುದು

ಇದು ಎರಡನೇ ಗಂಡಾಂತರ. ಜುಲೈನಲ್ಲಿ ತಣ್ಣೀರು ತುಂಬಿದ ಸ್ಟೀಲ್ ತಂಬಿಗೆ ಹೊರಗೆ ಬೆವರುತ್ತದಲ್ಲ, ಫ್ರಿಜ್ಜಿನಿಂದ ತೆಗೆದ ಕೂಡಲೇ ಬಾಟಲಿ ಬಿಚ್ಚಿದರೆ ಬೀಜದ ಮೇಲೂ ಹಾಗೇ ನೀರು ಕೂರುತ್ತದೆ. ನಾಲ್ಕು ಬೀಜ ತೆಗೆದುಕೊಂಡು ಉಳಿದದ್ದನ್ನು ಒಳಗಿಟ್ಟರೆ ಹೊಸ ಪಸೆಯೂ ಜತೆಗೆ ಹೋಯಿತು. ವರ್ಷದ ದುಡಿಮೆ ಹಾಳಾಗಲು ಇಷ್ಟು ಸಾಕು.

ಹಿಂದಿನ ರಾತ್ರಿಯೇ ಬಾಟಲಿ ಹೊರಗಿಡಿ, ಮುಚ್ಚಳ ಮುಟ್ಟಬೇಡಿ. ಬೆಳಿಗ್ಗೆ ಬಿಚ್ಚಿ, ಬೇಕಾದಷ್ಟು ತೆಗೆದು, ತಕ್ಷಣ ಮುಚ್ಚಿ. ಒಂದು ದೊಡ್ಡ ಬಾಟಲಿಗಿಂತ ಮುಂಗಾರಿಗೊಂದು, ಹಿಂಗಾರಿಗೊಂದು ಸಣ್ಣ ಬಾಟಲಿ ಮೇಲು.

ಹಳೆಯ ಬೀಜವಾದರೆ ಮಡಿಗೆ ಹಾಕುವ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಹತ್ತರಲ್ಲಿ ಆರು ಮೊಳೆತರೆ ಮೆಣಸಿನಕಾಯಿ ಬೀಜಕ್ಕೆ ಅದು ಕಡಿಮೆಯೇನಲ್ಲ. ಪ್ರಮಾಣೀಕೃತ ಮೆಣಸಿನ ಬೀಜಕ್ಕೂ ಸರ್ಕಾರ ಕೇಳುವ ಕನಿಷ್ಠ ಮೊಳಕೆ ಶೇ 60 ಮಾತ್ರ.

4. ಚಳಿಗಾಲದ ಬಿತ್ತನೆ

ಇಡುವಾಗ ಬೇಕಾದ ತಂಪು ಮೊಳೆಯುವಾಗ ಬೇಡ. ಮೆಣಸಿನಕಾಯಿ, ಬದನೆ, ಟೊಮೆಟೊಗೆ 25ರಿಂದ 30 ಡಿಗ್ರಿ ಹಿತ. ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಬೀಜ ಏಳಲಿಲ್ಲ ಎಂದು ದಿನಾ ನೀರು ಸುರಿದರೆ ಮಣ್ಣಲ್ಲೇ ಕೊಳೆಯುತ್ತದೆ. ಟ್ರೇಯನ್ನು ಅಡುಗೆಮನೆಯಲ್ಲಿಡಿ, ಮೊಳಕೆ ಕಂಡ ದಿನವೇ ಬೆಳಕಿಗೆ ತನ್ನಿ. ಕೋತಂಬರಿ, ಮೆಂತೆ, ಪಾಲಕ್, ಗಜ್ಜರಿ, ಬಟಾಣಿಗೆ ಈ ಚಳಿ ಲೆಕ್ಕಕ್ಕಿಲ್ಲ, ಹೊರಗೇ ಬಿತ್ತಿ.

ಮಾವು, ಹಲಸು, ಕರಿಬೇವಿನ ಬೀಜಗಳನ್ನು ಮಾತ್ರ ಒಣಗಿಸಲೂಬೇಡಿ, ಫ್ರಿಜ್ಜಿಗೆ ಹಾಕಲೂಬೇಡಿ. ಒಣಗಿದರೆ ಅವು ಸಾಯುತ್ತವೆ. ಹಣ್ಣು ತಿಂದ ವಾರದೊಳಗೆ ಮಣ್ಣಿಗೆ ಹಾಕಿ.