ಡಿಲೀಟ್ ಒತ್ತಿದರೂ ಹೋಗದ ಫೈಲು

ಗಂಗಾವತಿಯ ರೈಸ್ ಮಿಲ್ಲೊಂದರ ಗುಮಾಸ್ತರು ಫೋನ್ ಮಾಡಿದ್ದರು. "ಸರ, ಹಳೇ ಬ್ಯಾಕಪ್ ಎಲ್ಲಾ ಅಳಿಸೀನ್ರಿ. ಆದ್ರೂ ಬಿಲ್ ಏರಕೋಂತನ ಹೊಂಟೈತಿ. ಸಾವ್ಕಾರ್ರು ನನ್ನ ಮ್ಯಾಲೆ ಸಿಟ್ಟಾಗ್ಯಾರ."

ಹೋಗಿ ನೋಡಿದೆ. ಲಾರಿ ತೂಕ, ಭತ್ತದ ತೇವಾಂಶ, ಚೀಟಿ ನಂಬರ್ ಎಲ್ಲ ಇರುವ 200 ಎಂಬಿಯ ಬ್ಯಾಕಪ್ ಫೈಲು ವೇಬ್ರಿಡ್ಜ್ ಕಂಪ್ಯೂಟರಿನಿಂದ ಗಂಟೆಗೊಮ್ಮೆ ಅಮೆಜಾನ್ ಎಸ್3 (ಇಂಟರ್‌ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಫೈಲು ಗೋದಾಮು) ಬಕೆಟ್ಟಿಗೆ ಹೋಗುತ್ತಿತ್ತು, ಪ್ರತಿಸಲ ಅದೇ ಹೆಸರಿನಲ್ಲಿ. ಬಕೆಟ್ಟಿಗೆ ವರ್ಷನಿಂಗ್ ಆನ್ ಆಗಿತ್ತು. ಹಾಗಿದ್ದಾಗ ಹೊಸದು ಬಂದರೂ ಹಳೆಯದು ಅಳಿಯುವುದಿಲ್ಲ. ಅದೂ ಬದಲಾದ ಭಾಗವಷ್ಟೇ ಅಲ್ಲ, ಇಡೀ 200 ಎಂಬಿ ಹಾಗೇ ಉಳಿಯುತ್ತದೆ. ಕರೆಂಟ್ ಹೋದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದಿನಕ್ಕೆ 24 ಪ್ರತಿ, ವರ್ಷಕ್ಕೆ 8,760, ಒಟ್ಟು ಸುಮಾರು 1.75 ಟಿಬಿ. ವರ್ಷ ಒಂದೇ, ವರ್ಷನ್ ಎಂಟು ಸಾವಿರದ ಮೇಲೆ! ಪರದೆಯಲ್ಲಿ ಕಾಣುವುದು ಮಾತ್ರ ಒಂದೇ ಫೈಲು.

ಹಾಗಾದರೆ ಗುಮಾಸ್ತರು ಅಳಿಸಿದ್ದೇನು? ಏನನ್ನೂ ಅಲ್ಲ. ವರ್ಷನ್ ಐಡಿ (ಪ್ರತಿಯೊಂದು ಪ್ರತಿಗೂ ಎಸ್3 ಕೊಡುವ ಗುರುತಿನ ಸಂಕೇತ) ಹೇಳದೆ ಡಿಲೀಟ್ ಕೊಟ್ಟರೆ ಎಸ್3 ಫೈಲಿನ ಮೇಲೆ 'ಡಿಲೀಟ್ ಮಾರ್ಕರ್' ಎಂಬ ಗುರುತೊಂದನ್ನು ಇಡುತ್ತದೆ, ಅಷ್ಟೇ. ಗೋದಾಮಿನ ಬಾಗಿಲಿಗೆ 'ಮಾಲು ಇಲ್ಲ' ಎಂದು ಬೋರ್ಡು ಹಾಕಿದ ಹಾಗೆ. ಒಳಗಿನ ಚೀಲ ಒಂದೂ ಅಲುಗಿಲ್ಲ, ಬಾಡಿಗೆ ಓಡುತ್ತಲೇ ಇದೆ. ನಿಜವಾಗಿ ತೆಗೆಯಬೇಕೆಂದರೆ ಪ್ರತಿ ಪ್ರತಿಯನ್ನೂ ಅದರ ವರ್ಷನ್ ಐಡಿ ಹಿಡಿದೇ ಕರೆಯಬೇಕು. ಎಂಟು ಸಾವಿರಕ್ಕೆ ಕೈಯಲ್ಲಿ ಟಿಕ್ ಹಾಕುತ್ತ ಕೂರುವ ಬದಲು ಪೈಥಾನ್ ಭಾಷೆಯಲ್ಲಿ ಮೂವತ್ತು ಸಾಲಿನ ಪ್ರೋಗ್ರಾಂ ಬರೆಯುವುದು ವಾಸಿ.

ಸಿದ್ಧತೆ

ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಪಿಪ್ (ಪೈಥಾನಿಗೆ ಲೈಬ್ರರಿ ಹಾಕುವ ಸಾಧನ) ಮೂಲಕ ಬೋಟೊ3 ಹಾಕಿಕೊಳ್ಳಿ, ಎಸ್3 ಜೊತೆ ಮಾತಾಡುವ ಲೈಬ್ರರಿ ಇದು. ಆಕ್ಸೆಸ್ ಕೀಯನ್ನು (ಖಾತೆಯೊಳಗೆ ಹೋಗಲು ಬೇಕಾದ ಗುಪ್ತ ಸಂಕೇತ) ಪ್ರೋಗ್ರಾಮಿನೊಳಗೆ ಬರೆಯಬೇಡಿ. ಎಡಬ್ಲ್ಯೂಎಸ್ (ಅಮೆಜಾನಿನ ಕ್ಲೌಡ್ ಸೇವೆ) ಕಮಾಂಡ್ ಲೈನಿನ 'ಕಾನ್ಫಿಗರ್' ಆಜ್ಞೆಯಲ್ಲಿ ಕೊಟ್ಟರೆ ಬೋಟೊ3 ತಾನೇ ಓದಿಕೊಳ್ಳುತ್ತದೆ. ಆ ಕೀ ಇರುವ ಬಳಕೆದಾರನಿಗೆ 'ಲಿಸ್ಟ್ ಬಕೆಟ್ ವರ್ಷನ್ಸ್' ಮತ್ತು 'ಡಿಲೀಟ್ ಆಬ್ಜೆಕ್ಟ್ ವರ್ಷನ್' ಎರಡೂ ಅನುಮತಿ ಬೇಕು. ಬರೀ 'ಡಿಲೀಟ್ ಆಬ್ಜೆಕ್ಟ್' ಇದ್ದರೆ ಬೋರ್ಡು ಹಾಕಬಹುದು, ಚೀಲ ಹೊರಲಾಗದು. (ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಬೋಟೊ3ರ ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಟೈಪ್ ಮಾಡಿ.)

ಮೊದಲು ಎಣಿಸಿ

ಎಸ್3 ಕ್ಲೈಂಟ್ ತೆರೆದು 'ಲಿಸ್ಟ್ ಆಬ್ಜೆಕ್ಟ್ ವರ್ಷನ್ಸ್' ಕರೆಯಿರಿ. ಒಂದು ಸಲಕ್ಕೆ 1,000ಕ್ಕಿಂತ ಹೆಚ್ಚು ಬರುವುದಿಲ್ಲ. ಇದು ಗೊತ್ತಿಲ್ಲದೆ ಮೊದಲ ಸಲ ನಾನು ಸಾವಿರ ಅಳಿಸಿ 'ಮುಗೀತು' ಎಂದು ಚಹಾ ಕುಡಿಯಲು ಹೋಗಿದ್ದೆ. 'ಗೆಟ್ ಪ್ಯಾಜಿನೇಟರ್' ಬಳಸಿದರೆ ಪುಟದ ಮೇಲೆ ಪುಟ ತಾನೇ ತರುತ್ತದೆ. ಮಿಲ್ಲಿನ ಲೆಕ್ಕಕ್ಕೆ ಒಂಬತ್ತು ಪುಟ.

ಪ್ರತಿ ಪುಟದಲ್ಲಿ ಎರಡು ಪಟ್ಟಿ ಇರುತ್ತವೆ: ವರ್ಷನ್ಸ್, ಡಿಲೀಟ್ ಮಾರ್ಕರ್ಸ್. ಒಂದು ಖಾಲಿ ಇದ್ದರೆ ಆ ಹೆಸರೇ ಉತ್ತರದಲ್ಲಿ ಇರುವುದಿಲ್ಲ, ನೇರವಾಗಿ ಕೇಳಿದರೆ ಪ್ರೋಗ್ರಾಂ ನಿಂತುಬಿಡುತ್ತದೆ. ಹಾಗಾಗಿ 'ಗೆಟ್' ಬಳಸಿ, ಸಿಗದಿದ್ದರೆ ಖಾಲಿ ಪಟ್ಟಿ ಕೊಡು ಎಂದು ಹೇಳಿ.

ಪ್ರಿಫಿಕ್ಸ್ ಬಗ್ಗೆ ಹುಷಾರು. 'ತೂಕ' ಎಂದು ಕೊಟ್ಟರೆ 'ತೂಕ' ಎಂದು ಶುರುವಾಗುವುದೆಲ್ಲ ಬರುತ್ತದೆ. ಅದೇ ಬಕೆಟ್ಟಿನಲ್ಲಿ 'ತೂಕ-ಜಿಎಸ್‌ಟಿ' ಎಂಬ ಫೈಲೂ ಇತ್ತು, ಆಡಿಟರಿಗೆ ಬೇಕಾದದ್ದು! ಪಟ್ಟಿ ಬಂದ ಮೇಲೆ ಕೀ (ಎಸ್3 ಭಾಷೆಯಲ್ಲಿ ಫೈಲಿನ ಹೆಸರು, ಆಕ್ಸೆಸ್ ಕೀ ಅಲ್ಲ) ಅಕ್ಷರಶಃ ಅದೇನಾ ಎಂದು ಇನ್ನೊಮ್ಮೆ ಹೋಲಿಸಿ.

ಆಮೇಲೆ ಸೋಸುವುದು. 'ಈಸ್ ಲೇಟೆಸ್ಟ್' ನಿಜವಾಗಿದ್ದರೆ ಬಿಡಿ, 30 ದಿನದೊಳಗಿನದನ್ನೂ ಬಿಡಿ. ಬೋಟೊ3 ಕೊಡುವ ಸಮಯ ಯುಟಿಸಿಯದ್ದು (ಜಾಗತಿಕ ಸಮಯ, ನಮ್ಮ ಗಡಿಯಾರದ್ದಲ್ಲ), ಟೈಮ್‌ಜೋನ್ ಸಮೇತ ಬರುತ್ತದೆ. ನಿಮ್ಮ 'ಈಗ' ಎಂಬುದಕ್ಕೂ ಟೈಮ್‌ಜೋನ್ ಹಾಕದಿದ್ದರೆ ಪೈಥಾನ್ ಹೋಲಿಸಲು ಒಪ್ಪುವುದಿಲ್ಲ. ಇನ್ನೊಂದು ಮಾತು: ಮೇಲೆ ಡಿಲೀಟ್ ಮಾರ್ಕರ್ ಕೂತಿದ್ದರೆ 'ಲೇಟೆಸ್ಟ್' ಪಟ್ಟ ಅದಕ್ಕೇ. ಕೆಳಗಿರುವ ನಿಜವಾದ ಫೈಲುಗಳೆಲ್ಲ ಹಳೆಯವೆಂದೇ ಲೆಕ್ಕ, ಉಳಿಸಬೇಕಾದದ್ದೂ ಹೋಗಬಹುದು. ಇಲ್ಲಿ ಗುಮಾಸ್ತರು ಅಳಿಸಿದ ಮುಂದಿನ ಗಂಟೆಯೇ ಹೊಸ ಬ್ಯಾಕಪ್ ಬಂದಿದ್ದರಿಂದ ಬಚಾವಾದೆವು.

ಈ ಹಂತದಲ್ಲಿ ಅಳಿಸುವ ಸಾಲನ್ನು ಬರೆಯಲೇಬೇಡಿ. ಎಷ್ಟು ಪ್ರತಿ, ಎಷ್ಟು ಗಾತ್ರ ಎಂದು ಪ್ರಿಂಟ್ ಮಾಡಿಸಿ. 30 ದಿನದ 720 ಕಳೆದರೆ 8,040ರ ಆಸುಪಾಸು ಬರಬೇಕಿತ್ತು, ಬಂತು. ಬರದಿದ್ದರೆ ಮುಂದೆ ಹೋಗುತ್ತಿರಲಿಲ್ಲ, ಯಾಕೆಂದರೆ ವರ್ಷನ್ ಐಡಿ ಹಿಡಿದು ಅಳಿಸಿದ್ದನ್ನು ವಾಪಸ್ ತರಲು ದಾರಿಯಿಲ್ಲ.

ಈಗ ಅಳಿಸಿ

'ಡಿಲೀಟ್ ಆಬ್ಜೆಕ್ಟ್ಸ್' ಒಂದೇ ಕರೆಯಲ್ಲಿ 1,000 ಪ್ರತಿ ತೆಗೆಯುತ್ತದೆ. ಪ್ರತಿಯೊಂದಕ್ಕೂ ಕೀ ಮತ್ತು ವರ್ಷನ್ ಐಡಿಯ ಜೋಡಿ ಕೊಡಿ. ವರ್ಷನಿಂಗ್ ಆನ್ ಮಾಡುವ ಮುಂಚೆ ಹಾಕಿದ ಫೈಲಿನ ಐಡಿ 'ನಲ್' ಎಂದಿರುತ್ತದೆ. ಅದು ಖಾಲಿಯಲ್ಲ, ಇಂಗ್ಲಿಷಿನ ನಾಲ್ಕಕ್ಷರದ ಪದ (null), ಹಾಗೇ ಕಳಿಸಿ. ಕರೆ ಯಶಸ್ವಿ ಎಂದು ಬಂದರೂ ಒಳಗೆ ಕೆಲವು ಉಳಿದಿರಬಹುದು. ಉತ್ತರದ 'ಎರರ್ಸ್' ಪಟ್ಟಿ ನೋಡಿಯೇ ಮುಂದೆ ಹೋಗಿ. ಆಬ್ಜೆಕ್ಟ್ ಲಾಕ್ (ಅಳಿಸದಂತೆ ಹಾಕಿದ ಬೀಗ) ಇದ್ದರೆ 'ಆಕ್ಸೆಸ್ ಡಿನೈಡ್' ಕಾಣುತ್ತದೆ. ಅಳಿಸುವ ಕರೆಗಳಿಗೆ ಶುಲ್ಕವಿಲ್ಲ.

ಪೂರ್ತಿ ಬೇಡವಾದ ಫೈಲಿದ್ದರೆ ಮಾರ್ಕರನ್ನೂ ಅದೇ ಪಟ್ಟಿಗೆ ಸೇರಿಸಿ. ಮಾರ್ಕರ್ ಒಂದನ್ನೇ ತೆಗೆದರೆ ಅಳಿಸಿದ್ದ ಫೈಲು ಎದ್ದು ಕೂರುತ್ತದೆ. ಕೈತಪ್ಪಿ ಅಳಿಸಿದವರಿಗೆ ಇದೇ ಉಪಾಯ.

ವರ್ಷನಿಂಗ್ ಆಫ್ ಮಾಡಿಬಿಡೋಣ ಎಂದರು ಸಾವ್ಕಾರರು. ಒಮ್ಮೆ ಆನ್ ಮಾಡಿದ ಮೇಲೆ ತಡೆಹಿಡಿಯಬಹುದು, ಪೂರ್ತಿ ತೆಗೆಯಲಾಗದು. ತಡೆಹಿಡಿದರೂ ಹಳೆಯ ಪ್ರತಿಗಳು ತಾವಾಗಿ ಹೋಗುವುದಿಲ್ಲ. ಅದರ ಬದಲು ಲೈಫ್‌ಸೈಕಲ್ ನಿಯಮ ಹಾಕಿಕೊಟ್ಟೆ: ಚಾಲ್ತಿಯಲ್ಲಿಲ್ಲದ ಪ್ರತಿ 30 ದಿನಕ್ಕೆ ಹೋಗಲಿ, ಕೆಳಗೆ ಏನೂ ಇಲ್ಲದ ಮಾರ್ಕರುಗಳೂ ಹೋಗಲಿ. ನಿಯಮ ಹಿನ್ನೆಲೆಯಲ್ಲಿ ನಿಧಾನವಾಗಿ ಓಡುತ್ತದೆ, ಹಾಕಿದ ಗಳಿಗೆಯಲ್ಲೇ ಏನೂ ಬದಲಾಗದು. ಈ ತಿಂಗಳ ಬಿಲ್ಲಿನಲ್ಲೂ ಅಳಿಸಿದ ದಿನದವರೆಗಿನ ಬಾಡಿಗೆ ಸೇರಿರುತ್ತದೆ. ಇದನ್ನು ಸಾವ್ಕಾರರಿಗೆ ಮೊದಲೇ ಹೇಳಿಡಿ ಎಂದು ಗುಮಾಸ್ತರಿಗೆ ಎರಡು ಸಲ ಹೇಳಿ ಬಂದೆ.